ಕೊರೋನಾ, ಪ್ರತಿಭಟನೆ ಮತ್ತು ಆಟದ ಮೈದಾನ: 2020ರಲ್ಲಿ ನಿಜಕ್ಕೂ ಆಗಿದ್ದೇನು?

ಕ್ರೀಡೆಯ ಬಗ್ಗೆ ಮೂರು ಮಾತುಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಸುತ್ತುತ್ತಿರುತ್ತವೆ. ಒಂದು, ಆಟಗಾರರು ಮೈದಾನದಲ್ಲಿ ಮಂಡಿಯೂರಿ ರಾಜಕೀಯ ಮಾಡಿದ್ದಕ್ಕೆ ಜನ ಆಟ ನೋಡುವುದನ್ನೇ ಬಿಟ್ಟರು. ಎರಡು, ಮಂಡಿಯೂರುವುದು ರಾಷ್ಟ್ರಧ್ವಜಕ್ಕೆ ಮಾಡುವ ಅವಮಾನ. ಮೂರು, ಕೊರೋನಾ ಲಸಿಕೆ ಬಂದ ಮೇಲೆ ಆಟಗಾರರು ಆಡುತ್ತಲೇ ಕುಸಿದು ಬೀಳುತ್ತಿದ್ದಾರೆ.

ಈ ಮೂರೂ ಮಾತುಗಳಿಗೆ 2020ರ ಬೆಳವಣಿಗೆಗಳ ನಂಟಿದೆ. ಆ ವರ್ಷ ಜಗತ್ತಿನ ವೃತ್ತಿಪರ ಕ್ರೀಡೆಗೆ ಎರಡು ದೊಡ್ಡ ಪೆಟ್ಟು ಬಿದ್ದವು. ಮಾರ್ಚ್‌ನಲ್ಲಿ ಕೊರೋನಾ ಆಟವನ್ನೇ ನಿಲ್ಲಿಸಿತು. ಮೇ ತಿಂಗಳಲ್ಲಿ ಅಮೆರಿಕದಲ್ಲಿ ಪೊಲೀಸರ ಕೈಯಲ್ಲಿ ಕಪ್ಪು ವ್ಯಕ್ತಿಯೊಬ್ಬರು ಸತ್ತರು, ಅದರ ವಿರುದ್ಧದ ಪ್ರತಿಭಟನೆ ಮೈದಾನದೊಳಕ್ಕೂ ಬಂತು. ಇವೆರಡನ್ನೂ ನಾವು ಸಾಮಾನ್ಯವಾಗಿ ಬೇರೆ ಬೇರೆ ಸುದ್ದಿಗಳೆಂದು ನೋಡುತ್ತೇವೆ. ಆದರೆ ಕೊರೋನಾ ಇಲ್ಲದೆ ಹೋಗಿದ್ದರೆ ಆಟಗಾರರ ಪ್ರತಿಭಟನೆಗೆ ಅಷ್ಟು ಬಲ ಬರುತ್ತಿರಲಿಲ್ಲ. ಅದು ಹೇಗೆ ಎಂದು ಮೊದಲು ನೋಡೋಣ. ಆಮೇಲೆ ಆ ಮೂರು ಮಾತುಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ಆಟ ನಿಂತಿದ್ದು ಹೇಗೆ?

2020ರ ಮಾರ್ಚ್ 11. ವಿಶ್ವ ಆರೋಗ್ಯ ಸಂಸ್ಥೆ ಕೊರೋನಾವನ್ನು ಜಾಗತಿಕ ಸಾಂಕ್ರಾಮಿಕ ಎಂದು ಕರೆದದ್ದು ಅದೇ ದಿನ. ಆ ರಾತ್ರಿ ಅಮೆರಿಕದ ಓಕ್ಲಹೋಮ ಸಿಟಿಯಲ್ಲಿ ಬ್ಯಾಸ್ಕೆಟ್‌ಬಾಲ್ ಪಂದ್ಯ ಶುರುವಾಗುವುದಿತ್ತು. ಪ್ರೇಕ್ಷಕರು ಕುರ್ಚಿಗಳಲ್ಲಿ ಕೂತಾಗಿತ್ತು. ಯೂಟಾ ಜಾಜ್ ತಂಡದ ರೂಡಿ ಗೋಬೇರ್ ಅವರಿಗೆ ಸೋಂಕು ತಗುಲಿದೆ ಎಂಬ ವರದಿ ಬಂದದ್ದೇ ತಡ, ಪಂದ್ಯ ರದ್ದಾಯಿತು. ಅಂದೇ ರಾತ್ರಿ ಎನ್‌ಬಿಎ ಇಡೀ ಲೀಗನ್ನು ನಿಲ್ಲಿಸಿತು. ಎರಡೇ ದಿನಗಳಲ್ಲಿ ಐಸ್ ಹಾಕಿ, ಬೇಸ್‌ಬಾಲ್, ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಎಲ್ಲವೂ ನಿಂತವು. ಮಾರ್ಚ್ 29ಕ್ಕೆ ಶುರುವಾಗಬೇಕಿದ್ದ ಐಪಿಎಲ್ ಮುಂದಕ್ಕೆ ಹೋಯಿತು. ಟೋಕಿಯೋ ಒಲಿಂಪಿಕ್ಸ್ ಒಂದು ವರ್ಷ ಮುಂದೂಡಲಾಯಿತು. ಎರಡನೇ ಮಹಾಯುದ್ಧದ ನಂತರ ಮೊದಲ ಬಾರಿಗೆ ವಿಂಬಲ್ಡನ್ ರದ್ದಾಯಿತು.

ಅಷ್ಟು ಹೆದರುವ ಅಗತ್ಯವಿತ್ತೇ? ಕ್ರೀಡಾಂಗಣ ಬಯಲಿನಲ್ಲಿ ಇರುತ್ತದಲ್ಲ, ಗಾಳಿ ಆಡುತ್ತದಲ್ಲ ಎಂದು ಆಗ ಅನೇಕರು ಕೇಳಿದ್ದರು. ಇದಕ್ಕೆ ಉತ್ತರ ಇಟಲಿಯಲ್ಲಿದೆ. ಫೆಬ್ರವರಿ 19ರಂದು ಮಿಲಾನ್‌ನ ಸಾನ್ ಸಿರೊ ಕ್ರೀಡಾಂಗಣದಲ್ಲಿ ಬೆರ್ಗಾಮೊ ಊರಿನ ಅಟಲಾಂಟಾ ತಂಡ ಸ್ಪೇನಿನ ವಲೆನ್ಸಿಯಾ ವಿರುದ್ಧ ಆಡಿತು. 44 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು, ಅವರಲ್ಲಿ ಬಹುಪಾಲು ಬೆರ್ಗಾಮೊದವರು. ಇಟಲಿಯಲ್ಲಿ ಸ್ಥಳೀಯವಾಗಿ ಸೋಂಕು ಹರಡುತ್ತಿದೆ ಎಂದು ಗೊತ್ತಾಗಿದ್ದು ಅದಾದ ಒಂದೆರಡು ದಿನಕ್ಕೆ. ಕೆಲವೇ ವಾರಗಳಲ್ಲಿ ಬೆರ್ಗಾಮೊದಲ್ಲಿ ಶವಪೆಟ್ಟಿಗೆಗಳನ್ನು ಸಾಗಿಸಲು ಸೇನೆಯ ಟ್ರಕ್‌ಗಳು ಬಂದವು. ಎಲ್ಲಕ್ಕೂ ಆ ಒಂದು ಪಂದ್ಯವೇ ಕಾರಣ ಎನ್ನಲಾಗದು. ಆದರೆ ಅದೂ ಒಂದು ದೊಡ್ಡ ಕಾರಣ ಎಂದು ಅಲ್ಲಿನ ಮೇಯರ್ ಮತ್ತು ವೈದ್ಯರು ಆಮೇಲೆ ಹೇಳಿದರು. ಅಪಾಯ ಇದ್ದದ್ದು ಕುರ್ಚಿಯಲ್ಲಿ ಕೂತ 90 ನಿಮಿಷದಲ್ಲಿ ಮಾತ್ರವಲ್ಲ. ತುಂಬಿದ ಬಸ್ಸು, ಮೆಟ್ರೊ, ಪಂದ್ಯದ ಮುಂಚೆ ಹಾಗೂ ನಂತರ ಸೇರುವ ಬಾರುಗಳು, ಗೋಲು ಬಿದ್ದಾಗಲೆಲ್ಲ ತಬ್ಬಿಕೊಂಡು ಕೂಗುವುದು, ಇವೆಲ್ಲವೂ ಸೋಂಕಿಗೆ ದಾರಿ.

ಅಷ್ಟೊಂದು ಅವಸರದಲ್ಲಿ ಮತ್ತೆ ಶುರು ಮಾಡಿದ್ದೇಕೆ?

ಶಾಲೆಗಳು ಮುಚ್ಚಿದ್ದವು, ಮದುವೆಗಳು ನಿಂತಿದ್ದವು. ಆದರೂ 2020ರ ಮೇ 16ಕ್ಕೆ ಜರ್ಮನಿಯ ಬುಂಡೆಸ್‌ಲಿಗಾ ಖಾಲಿ ಮೈದಾನಗಳಲ್ಲಿ ಶುರುವಾಯಿತು. ಜೂನ್ 17ಕ್ಕೆ ಪ್ರೀಮಿಯರ್ ಲೀಗ್ ಬಂತು. ಇದಕ್ಕೆ ಸರಳ ಕಾರಣ ಟಿವಿ. ಇವತ್ತಿನ ದೊಡ್ಡ ಲೀಗುಗಳ ಆದಾಯದಲ್ಲಿ ದೊಡ್ಡ ಪಾಲು ಟಿಕೆಟ್‌ನಿಂದ ಬರುವುದಿಲ್ಲ, ಪ್ರಸಾರದ ಹಕ್ಕಿನಿಂದ ಬರುತ್ತದೆ. ಪ್ರೇಕ್ಷಕರಿಲ್ಲದೆ ಆಟ ನಡೆಸಬಹುದು. ಕ್ಯಾಮೆರಾ ಮತ್ತು ಆಟಗಾರರು ಇಲ್ಲದೆ ನಡೆಸಲು ಆಗುವುದಿಲ್ಲ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಇದೇ ಮುಖ್ಯವಾಗುತ್ತದೆ.

ಇದಕ್ಕಾಗಿಯೇ ಬಂದದ್ದು ಬಯೋ ಬಬಲ್. ಹೊರಗಿನವರು ಒಳಗೆ ಬರುವಂತಿಲ್ಲ, ಒಳಗಿನವರು ಹೊರಗೆ ಹೋಗುವಂತಿಲ್ಲ. ಒಳಗೆ ಬರುವ ಮುನ್ನ ಕ್ವಾರಂಟೈನ್, ಬಂದ ಮೇಲೆ ಪದೇ ಪದೇ ಪರೀಕ್ಷೆ. ಎನ್‌ಬಿಎ ತನ್ನ 22 ತಂಡಗಳನ್ನು ಫ್ಲಾರಿಡಾದ ಒರ್ಲ್ಯಾಂಡೊ ಬಳಿಯ ಡಿಸ್ನಿ ವರ್ಲ್ಡ್‌ನಲ್ಲಿ ಒಂದೇ ಕಡೆ ಕೂಡಿಹಾಕಿತು. ಜುಲೈ 30ರಿಂದ ಅಕ್ಟೋಬರ್ 11ರವರೆಗೆ ಪಂದ್ಯಗಳು ನಡೆದವು. ಕ್ವಾರಂಟೈನ್ ಮುಗಿಸಿ ಒಳಗೆ ಬಂದ ಆಟಗಾರರಲ್ಲಿ ಒಬ್ಬರಿಗೂ ಸೋಂಕು ಪತ್ತೆಯಾಗಲಿಲ್ಲ. ಖರ್ಚಾದದ್ದು ಸುಮಾರು 19 ಕೋಟಿ ಡಾಲರ್ ಎಂದು ವರದಿಯಾಯಿತು.

ಇದೇ ಉಪಾಯ ನಮ್ಮಲ್ಲಿ ಒಮ್ಮೆ ಕೆಲಸ ಮಾಡಿತು, ಒಮ್ಮೆ ಕೈಕೊಟ್ಟಿತು. 2020ರ ಐಪಿಎಲ್ ಯುಎಇಯ ಮೂರು ಊರುಗಳಲ್ಲಿ ಸೆಪ್ಟೆಂಬರ್ 19ರಿಂದ ನವೆಂಬರ್ 10ರವರೆಗೆ ನಡೆದು ಮುಗಿಯಿತು. 2021ರದು ಭಾರತದಲ್ಲಿ ಶುರುವಾಯಿತು. ಎರಡನೇ ಅಲೆ ಏರುತ್ತಿದ್ದಾಗ ತಂಡಗಳು ಒಂದು ನಗರದಿಂದ ಇನ್ನೊಂದಕ್ಕೆ ವಿಮಾನದಲ್ಲಿ ಓಡಾಡುತ್ತಿದ್ದವು. ಮೇ 3ರಂದು ಅಹಮದಾಬಾದ್‌ನಲ್ಲಿ ನಡೆಯಬೇಕಿದ್ದ ನಮ್ಮ ಆರ್‌ಸಿಬಿ ಮತ್ತು ಕೋಲ್ಕತ್ತಾ ಪಂದ್ಯ ಮುಂದೂಡಿತು. ಕೋಲ್ಕತ್ತಾದ ಇಬ್ಬರು ಆಟಗಾರರಿಗೆ ಸೋಂಕು ತಗುಲಿತ್ತು. ಮರುದಿನ ಇಡೀ ಟೂರ್ನಿ ನಿಂತಿತು. ಪರೀಕ್ಷೆ ಎಷ್ಟೇ ಮಾಡಿದರೂ ಓಡಾಟ ಹೆಚ್ಚಾದಷ್ಟೂ ಬಬಲ್‌ನಲ್ಲಿ ತೂತು ಬೀಳುವ ಜಾಗಗಳು ಹೆಚ್ಚುತ್ತವೆ ಎಂಬುದು ಇದರಿಂದ ತಿಳಿದ ಪಾಠ.

ಟಿವಿ ದುಡ್ಡು ಇರುವ ಆಟಕ್ಕೆ ಬಬಲ್ ಸಿಕ್ಕಿತು. ಇಲ್ಲದವರ ಪಾಡು ಬೇರೆ. 1934ರಲ್ಲಿ ಶುರುವಾದಾಗಿನಿಂದ ಒಮ್ಮೆಯೂ ನಿಲ್ಲದ ರಣಜಿ ಟ್ರೋಫಿ 2020-21ರಲ್ಲಿ ನಡೆಯಲೇ ಇಲ್ಲ. ಪಂದ್ಯದ ಸಂಭಾವನೆಯನ್ನೇ ನಂಬಿದ್ದ ದೇಶೀಯ ಆಟಗಾರರಿಗೆ ಪರಿಹಾರ ಘೋಷಣೆ ಆದದ್ದು 2021ರ ಸೆಪ್ಟೆಂಬರ್‌ನಲ್ಲಿ. ಪ್ರೊ ಕಬಡ್ಡಿ 2020ರಲ್ಲಿ ನಡೆಯಲಿಲ್ಲ. ಮತ್ತೆ ಶುರುವಾದದ್ದು 2021ರ ಡಿಸೆಂಬರ್‌ನಲ್ಲಿ, ಬೆಂಗಳೂರಿನ ವೈಟ್‌ಫೀಲ್ಡ್‌ನ ಹೋಟೆಲೊಂದರ ಸಭಾಂಗಣದಲ್ಲಿ, ಒಬ್ಬ ಪ್ರೇಕ್ಷಕನೂ ಇಲ್ಲದೆ. ಇನ್ನು ಕ್ರೀಡಾಂಗಣದ ಹೊರಗೆ ಜರ್ಸಿ, ಬಾವುಟ, ಚುರುಮುರಿ ಮಾರುತ್ತಿದ್ದವರಿಗೆ ಯಾವ ಪ್ರಸಾರದ ಹಕ್ಕೂ ಇರಲಿಲ್ಲ.

ಇಷ್ಟರ ನಡುವೆ ಕ್ರೀಡೆಯಿಂದ ಜನರಿಗೆ ಒಂದು ಲಾಭವೂ ಆಯಿತು. ಎಂಜಲಿನಿಂದಲೇ ಕಡಿಮೆ ಖರ್ಚಿನಲ್ಲಿ ಕೊರೋನಾ ಪತ್ತೆ ಮಾಡುವ ಯೇಲ್ ವಿಶ್ವವಿದ್ಯಾಲಯದ ವಿಧಾನಕ್ಕೆ ಎನ್‌ಬಿಎ ಮತ್ತು ಅದರ ಆಟಗಾರರ ಸಂಘ ಹಣ ಕೊಟ್ಟಿದ್ದವು. 2020ರ ಆಗಸ್ಟ್‌ನಲ್ಲಿ ಅದಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ತುರ್ತು ಅನುಮತಿ ಸಿಕ್ಕಿತು.

ಖಾಲಿ ಮೈದಾನ ಹೇಳಿಕೊಟ್ಟದ್ದು

ತವರಿನಲ್ಲಿ ಆಡಿದರೆ ಗೆಲುವು ಸುಲಭ ಎನ್ನುತ್ತೇವೆ. ಅದಕ್ಕೆ ಕಾರಣ ಪಿಚ್ಚೇ, ಪ್ರಯಾಣದ ದಣಿವೇ, ಇಲ್ಲ ಜನರ ಕೂಗೇ? ಇದನ್ನು ಬೇರ್ಪಡಿಸಿ ನೋಡುವ ಅವಕಾಶ ವಿಜ್ಞಾನಿಗಳಿಗೆ ಹಿಂದೆ ಸಿಕ್ಕಿದ್ದು ತೀರಾ ಕಡಿಮೆ. ಕೊರೋನಾ ಆ ಅವಕಾಶ ಕೊಟ್ಟಿತು. ಮೈದಾನ ಅದೇ, ತಂಡ ಅದೇ, ಜನ ಮಾತ್ರ ಇಲ್ಲ. ಬಹುಪಾಲು ಪಂದ್ಯಗಳು ಖಾಲಿ ಮೈದಾನದಲ್ಲಿ ನಡೆದ 2020-21ರ ಪ್ರೀಮಿಯರ್ ಲೀಗ್‌ನ 380 ಪಂದ್ಯಗಳಲ್ಲಿ ತವರಿನ ತಂಡ ಗೆದ್ದದ್ದು 144, ಹೊರಗಿನಿಂದ ಬಂದ ತಂಡ ಗೆದ್ದದ್ದು 153. ಇಂಗ್ಲೆಂಡಿನ ಅಗ್ರ ದರ್ಜೆಯ ಫುಟ್‌ಬಾಲ್ ಇತಿಹಾಸದಲ್ಲಿ ಹೀಗಾದದ್ದು ಅದೇ ಮೊದಲು. ಯುರೋಪಿನ ಹಲವು ಲೀಗುಗಳ ಅಧ್ಯಯನಗಳಲ್ಲಿ ಇನ್ನೊಂದು ಸಂಗತಿ ಕಂಡಿತು. ಜನರ ಕೂಗು ಇಲ್ಲದಾಗ ರೆಫರಿಗಳು ಹೊರಗಿನ ತಂಡಕ್ಕೆ ಹಳದಿ ಕಾರ್ಡ್ ತೋರಿಸುವುದು ಕಡಿಮೆಯಾಗಿತ್ತು. ಅಂದರೆ ನಮ್ಮ ಕೂಗು ಆಟಗಾರರ ಮೇಲಷ್ಟೇ ಅಲ್ಲ, ತೀರ್ಪು ಕೊಡುವವರ ಮೇಲೂ ಪರಿಣಾಮ ಬೀರುತ್ತದೆ.

ಮಿನಿಯಾಪೊಲಿಸ್‌ನಲ್ಲಿ ಆಗಿದ್ದೇನು?

ಲೀಗುಗಳು ಮತ್ತೆ ಶುರುವಾಗುವ ಲೆಕ್ಕಾಚಾರದಲ್ಲಿದ್ದಾಗಲೇ, 2020ರ ಮೇ 25ರಂದು, ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವ್ಯಕ್ತಿಯನ್ನು ಪೊಲೀಸರು ನೆಲಕ್ಕೆ ಕೆಡವಿದರು. ಅಧಿಕಾರಿಯೊಬ್ಬ ಅವರ ಕುತ್ತಿಗೆಯ ಮೇಲೆ ಒಂಬತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಮಂಡಿ ಊರಿದ. ಫ್ಲಾಯ್ಡ್ ಸತ್ತರು. ದಾರಿಯಲ್ಲಿದ್ದ ಹದಿಹರೆಯದ ಹುಡುಗಿಯೊಬ್ಬಳು ಅದನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸಿದ್ದಳು. ಮರುವರ್ಷ ಆ ಅಧಿಕಾರಿ ಕೊಲೆಯ ಅಪರಾಧಿ ಎಂದು ನ್ಯಾಯಾಲಯದಲ್ಲಿ ತೀರ್ಮಾನವಾಯಿತು.

ನಾಲ್ಕು ದಿನಗಳ ನಂತರ ಅದೇ ನಗರದಲ್ಲಿ ನಡೆದ ಸಭೆಯಲ್ಲಿ ಮಾಜಿ ಎನ್‌ಬಿಎ ಆಟಗಾರ ಸ್ಟೀಫನ್ ಜಾಕ್ಸನ್ ಮಾತಾಡಿದರು. ಅವರು ಫ್ಲಾಯ್ಡ್ ಅವರ ಹಳೆಯ ಗೆಳೆಯ. ನೋಡಲು ಒಂದೇ ಥರ ಇದ್ದುದರಿಂದ ಪರಸ್ಪರ ಅವಳಿ ಎಂದೇ ಕರೆದುಕೊಳ್ಳುತ್ತಿದ್ದರು. ಅಲ್ಲಿಗೆ ಮಿನೆಸೋಟಾ ತಂಡದ ಕಾರ್ಲ್-ಆಂಥನಿ ಟೌನ್ಸ್ ಕೂಡ ಬಂದಿದ್ದರು. ಟೌನ್ಸ್ ಅವರ ತಾಯಿ ಏಪ್ರಿಲ್ 13ರಂದು ಕೊರೋನಾದಿಂದ ತೀರಿಕೊಂಡಿದ್ದರು. ತಾಯಿ ಹೋಗಿ ಇನ್ನೂ ಏಳು ವಾರ ಆಗಿರಲಿಲ್ಲ.

ಎರಡೂ ದುಃಖಗಳು ಒಂದೇ ಕಡೆ ಸೇರಿದ್ದು ಬರೀ ಕಾಕತಾಳೀಯವಲ್ಲ. ವಯಸ್ಸಿನ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡು ನೋಡಿದರೆ, ಅಮೆರಿಕದಲ್ಲಿ ಕೊರೋನಾದಿಂದ ಆಸ್ಪತ್ರೆ ಸೇರಿದ ಮತ್ತು ಸತ್ತ ಪ್ರಮಾಣ ಬಿಳಿಯರಿಗಿಂತ ಕಪ್ಪು ಜನರಲ್ಲಿ ಬಹಳ ಹೆಚ್ಚಿತ್ತು. ಇದಕ್ಕೆ ಕಾರಣ ರಕ್ತವೋ ಬಣ್ಣವೋ ಅಲ್ಲ. ಮನೆಯಿಂದ ಮಾಡಲಾಗದ ಕೆಲಸಗಳು, ಇಕ್ಕಟ್ಟಾದ ಮನೆಗಳು, ಕೈಗೆಟುಕದ ಚಿಕಿತ್ಸೆ ಮುಖ್ಯ ಕಾರಣಗಳು. ಎನ್‌ಬಿಎ ಆಟಗಾರರಲ್ಲಿ ಸುಮಾರು ಮುಕ್ಕಾಲು ಪಾಲು ಕಪ್ಪು ಜನರು. ಅವರಿಗೆ ಇವು ಟಿವಿಯಲ್ಲಿ ನೋಡುವ ಸುದ್ದಿಗಳಾಗಿರಲಿಲ್ಲ, ಮನೆಯ ಸುದ್ದಿಗಳಾಗಿದ್ದವು.

2016ರಲ್ಲಿ ಒಂಟಿ, 2020ರಲ್ಲಿ ಗುಂಪು

ಮಂಡಿಯೂರುವುದು 2020ರಲ್ಲಿ ಹುಟ್ಟಿದ್ದಲ್ಲ. 2016ರಲ್ಲಿ ಅಮೆರಿಕನ್ ಫುಟ್‌ಬಾಲ್ ಆಟಗಾರ ಕಾಲಿನ್ ಕೆಪರ್ನಿಕ್ ಪೊಲೀಸ್ ದೌರ್ಜನ್ಯದ ವಿರುದ್ಧ ರಾಷ್ಟ್ರಗೀತೆಯ ಹೊತ್ತಿಗೆ ಮೊದಲು ಕೂತರು, ಆಮೇಲೆ ಮಂಡಿಯೂರತೊಡಗಿದರು. ಆ ಋತು ಮುಗಿದ ಮೇಲೆ ಯಾವ ತಂಡವೂ ಅವರನ್ನು ತೆಗೆದುಕೊಳ್ಳಲಿಲ್ಲ. ಅವರು ಮತ್ತೆ ಎನ್‌ಎಫ್‌ಎಲ್‌ನಲ್ಲಿ ಆಡಲೇ ಇಲ್ಲ.

ನಾಲ್ಕೇ ವರ್ಷಕ್ಕೆ ಚಿತ್ರ ಬದಲಾಯಿತು. 2020ರ ಜೂನ್‌ನಲ್ಲಿ ಅದೇ ಲೀಗಿನ ಮುಖ್ಯಸ್ಥ ರೋಜರ್ ಗುಡೆಲ್, ಆಟಗಾರರ ಮಾತನ್ನು ಮೊದಲೇ ಕೇಳದೆ ತಪ್ಪು ಮಾಡಿದೆವು ಎಂದು ವಿಡಿಯೋದಲ್ಲಿ ಒಪ್ಪಿಕೊಂಡರು. ಪ್ರೀಮಿಯರ್ ಲೀಗ್ ಮತ್ತೆ ಶುರುವಾದಾಗ ಮೊದಲ 12 ಪಂದ್ಯಗಳಲ್ಲಿ ಆಟಗಾರರ ಜರ್ಸಿಯ ಬೆನ್ನ ಮೇಲೆ ಅವರ ಹೆಸರಿನ ಬದಲು ‘ಬ್ಲ್ಯಾಕ್ ಲೈವ್ಸ್ ಮ್ಯಾಟರ್’ ಎಂದಿತ್ತು. ಕಪ್ಪು ಜನರ ಜೀವಕ್ಕೂ ಬೆಲೆಯಿದೆ ಎಂಬುದು ಅದರ ಅರ್ಥ. ಎನ್‌ಬಿಎ ಅದನ್ನು ಅಂಕಣದ ಮೇಲೇ ಬರೆಸಿತು.

ಈ ನಾಲ್ಕು ವರ್ಷದಲ್ಲಿ ಬದಲಾದದ್ದೇನು? ನಮಗೆ ಮೂರು ಕಾರಣ ಕಾಣುತ್ತವೆ, ಮೂರೂ ಕೊರೋನಾಕ್ಕೆ ಅಂಟಿಕೊಂಡವು.

ಒಂದು, ಎಲ್ಲರೂ ಮನೆಯಲ್ಲಿದ್ದರು. ಆಟವಿಲ್ಲ, ಸಿನಿಮಾ ಇಲ್ಲ, ಕೆಲಸವೂ ಅರ್ಧ. ಫ್ಲಾಯ್ಡ್ ಅವರ ವಿಡಿಯೋವನ್ನು ನೋಡದೆ ಮುಂದೆ ಹೋಗಲು ಬೇರೆ ಸುದ್ದಿಯೇ ಇರಲಿಲ್ಲ.

ಎರಡು, ಆಟಗಾರರು ಒಟ್ಟಿಗಿದ್ದರು. ಮಾಮೂಲಿ ದಿನಗಳಲ್ಲಿ ತಂಡಗಳು ದೇಶದ ಮೂಲೆಮೂಲೆಯಲ್ಲಿರುತ್ತವೆ. ಬಬಲ್‌ನಲ್ಲಿ ಹಲವು ತಂಡಗಳ ಆಟಗಾರರು ಒಂದೇ ಆವರಣದಲ್ಲಿದ್ದರು. ರಾತ್ರಿ ಸಭೆ ಸೇರಿ ತೀರ್ಮಾನ ಮಾಡಲು ಸಾಧ್ಯವಿತ್ತು.

ಮೂರು, ಲೀಗಿಗೆ ಆಟಗಾರರನ್ನು ಬಿಟ್ಟರೆ ಬೇರೆ ಗತಿಯಿರಲಿಲ್ಲ. ಟಿಕೆಟ್ ದುಡ್ಡು ಇಲ್ಲ, ಇದ್ದದ್ದು ಟಿವಿ ದುಡ್ಡು ಮಾತ್ರ. ಆಟಗಾರರು ಅಂಕಣಕ್ಕೆ ಇಳಿಯದಿದ್ದರೆ ಅದೂ ಇಲ್ಲ.

ಈ ಬಲ ಎಷ್ಟಿತ್ತು ಎಂಬುದು ಆಗಸ್ಟ್ 26ರಂದು ಗೊತ್ತಾಯಿತು. ಮೂರು ದಿನ ಮೊದಲು ವಿಸ್ಕಾನ್ಸಿನ್ ರಾಜ್ಯದ ಕೆನೋಶಾದಲ್ಲಿ ಜೇಕಬ್ ಬ್ಲೇಕ್ ಎಂಬ ಕಪ್ಪು ವ್ಯಕ್ತಿಗೆ ಪೊಲೀಸರು ಹಿಂದಿನಿಂದ ಗುಂಡು ಹಾರಿಸಿದ್ದರು. ಅದೇ ರಾಜ್ಯದ ಮಿಲ್ವಾಕಿ ಬಕ್ಸ್ ತಂಡ ಅಂದು ಪ್ಲೇಆಫ್ ಪಂದ್ಯಕ್ಕೆ ಕೋಣೆಯಿಂದ ಹೊರಗೇ ಬರಲಿಲ್ಲ. ಒಳಗಿಂದಲೇ ರಾಜ್ಯದ ಅಟಾರ್ನಿ ಜನರಲ್‌ಗೆ ಫೋನ್ ಮಾಡಿ ಮಾತಾಡಿದರು. ಕೆಲವೇ ಗಂಟೆಗಳಲ್ಲಿ ಆ ದಿನದ ಉಳಿದ ಎನ್‌ಬಿಎ ಪಂದ್ಯಗಳು ನಿಂತವು. ಮಹಿಳೆಯರ ಡಬ್ಲ್ಯುಎನ್‌ಬಿಎ, ಬೇಸ್‌ಬಾಲ್, ಫುಟ್‌ಬಾಲ್ ಪಂದ್ಯಗಳೂ ನಿಂತವು. ಟೆನಿಸ್‌ನಲ್ಲಿ ನವೋಮಿ ಒಸಾಕಾ ತಾವು ಸೆಮಿಫೈನಲ್ ಆಡುವುದಿಲ್ಲ ಎಂದರು. ಆಯೋಜಕರು ಇಡೀ ಟೂರ್ನಿಯನ್ನೇ ಒಂದು ದಿನ ನಿಲ್ಲಿಸಿದ ಮೇಲೆ ಆಡಿದರು. ಮುಂದಿನ ಯುಎಸ್ ಓಪನ್‌ನಲ್ಲಿ ಏಳು ಪಂದ್ಯಕ್ಕೆ ಏಳು ಮಾಸ್ಕ್ ಧರಿಸಿದರು, ಒಂದೊಂದರ ಮೇಲೂ ಸತ್ತ ಒಬ್ಬೊಬ್ಬ ಕಪ್ಪು ವ್ಯಕ್ತಿಯ ಹೆಸರು. ಸೋಂಕು ತಡೆಯಲು ಬಂದ ಮಾಸ್ಕೇ ಅವರ ಫಲಕವಾಯಿತು. ಆ ಟೂರ್ನಿಯನ್ನು ಅವರೇ ಗೆದ್ದರು.

ಎನ್‌ಬಿಎ ಪಂದ್ಯಗಳು ಆಗಸ್ಟ್ 29ಕ್ಕೆ ಮತ್ತೆ ಶುರುವಾದವು. ಅಷ್ಟರಲ್ಲಿ ಒಂದು ಒಪ್ಪಂದವಾಗಿತ್ತು. ತಂಡಗಳ ಒಡೆತನದ ಒಳಾಂಗಣ ಕ್ರೀಡಾಂಗಣಗಳನ್ನು ಸಾಧ್ಯವಾದ ಕಡೆಯೆಲ್ಲ ನವೆಂಬರ್ ಚುನಾವಣೆಗೆ ಮತಗಟ್ಟೆಗಳನ್ನಾಗಿ ಬಿಟ್ಟುಕೊಡಬೇಕು ಎಂಬುದು ಅದರ ಮುಖ್ಯ ಅಂಶ. ಕೊರೋನಾ ಕಾಲದಲ್ಲಿ ದೂರ ದೂರ ನಿಂತು ಮತ ಹಾಕಲು ವಿಶಾಲವಾದ ಜಾಗ ಬೇಕಿತ್ತು, ಕ್ರೀಡಾಂಗಣಗಳು ಹೇಗೂ ಖಾಲಿ ಇದ್ದವು.

ಕ್ರಿಕೆಟ್‌ಗೂ ಬಂತೇ?

ಬಂತು. ಸುಮಾರು ನಾಲ್ಕು ತಿಂಗಳ ಬಿಡುವಿನ ನಂತರ ಅಂತರರಾಷ್ಟ್ರೀಯ ಕ್ರಿಕೆಟ್ ಮತ್ತೆ ಶುರುವಾದದ್ದು 2020ರ ಜುಲೈ 8ರಂದು, ಸೌತಾಂಪ್ಟನ್‌ನಲ್ಲಿ. ಇಂಗ್ಲೆಂಡ್ ಮತ್ತು ವೆಸ್ಟ್ ಇಂಡೀಸ್ ಆಟಗಾರರು ಖಾಲಿ ಮೈದಾನದಲ್ಲಿ ಮಂಡಿಯೂರಿದರು. ಮಳೆಯಿಂದ ಆಟ ತಡವಾದಾಗ ಮಾಜಿ ವೇಗದ ಬೌಲರ್ ಮೈಕೆಲ್ ಹೋಲ್ಡಿಂಗ್ ವರ್ಣಭೇದದ ಬಗ್ಗೆ ಟಿವಿಯಲ್ಲಿ ದೀರ್ಘವಾಗಿ ಮಾತಾಡಿದರು. ಆ ಟೆಸ್ಟ್‌ನಲ್ಲಿ ಎರಡೂ ಬದಲಾವಣೆಗಳು ಒಟ್ಟಿಗೇ ಕಂಡವು. ಚೆಂಡಿಗೆ ಎಂಜಲು ಹಚ್ಚುವಂತಿಲ್ಲ ಎಂಬ ಹೊಸ ನಿಯಮ, ಅಂಗಿಯ ಕಾಲರ್ ಮೇಲೆ ಬ್ಲ್ಯಾಕ್ ಲೈವ್ಸ್ ಮ್ಯಾಟರ್ ಚಿಹ್ನೆ.

ಇದು ನಮ್ಮ ಬಾಗಿಲಿಗೂ ಬಂತು. ವೆಸ್ಟ್ ಇಂಡೀಸ್‌ನ ಮಾಜಿ ನಾಯಕ ಡ್ಯಾರೆನ್ ಸ್ಯಾಮಿ, ಐಪಿಎಲ್ ಆಡುತ್ತಿದ್ದಾಗ ತಮ್ಮನ್ನು ‘ಕಾಲೂ’ ಎಂದು ಕರೆಯುತ್ತಿದ್ದರು, ಅದರ ಅರ್ಥ ಈಗ ತಿಳಿಯಿತು ಎಂದು 2020ರ ಜೂನ್‌ನಲ್ಲಿ ಹೇಳಿದರು. ಅದು ನಮ್ಮಲ್ಲಿ ‘ಕರಿಯ’ ಎಂದ ಹಾಗೆ. ಹಾಗೆ ಕರೆದವರಲ್ಲಿ ಒಬ್ಬರು ಪ್ರೀತಿಯಿಂದ ಕರೆದೆವು ಎಂದು ತಮಗೆ ತಿಳಿಸಿದ್ದಾಗಿ ಸ್ಯಾಮಿಯೇ ಆಮೇಲೆ ಹೇಳಿದರು. ಅದೇ ಹೊತ್ತಿಗೆ ತಮಿಳುನಾಡಿನ ಅಭಿನವ್ ಮುಕುಂದ್ ಅವರ ಅನುಭವ ಓದಿ, ಕರ್ನಾಟಕದ ಮಾಜಿ ವೇಗಿ ದೊಡ್ಡ ಗಣೇಶ್ ತಾವು ಆಡುತ್ತಿದ್ದ ದಿನಗಳಲ್ಲೂ ಬಣ್ಣದ ಕಾರಣಕ್ಕೆ ಮಾತು ಕೇಳಿಸಿಕೊಂಡಿದ್ದನ್ನು ನೆನಪಿಸಿಕೊಂಡರು. ಭಾರತಕ್ಕೆ ನಾಲ್ಕು ಟೆಸ್ಟ್ ಆಡಿದ ಆಟಗಾರನ ಮಾತು ಇದು. ನಮ್ಮ ಶಾಲೆಗಳಲ್ಲಿ, ನೆಂಟರ ನಡುವೆ, ‘ಕರಿಯ’ ಎಂಬ ಅಡ್ಡಹೆಸರನ್ನು ಎಷ್ಟು ಸಲೀಸಾಗಿ ಇಡುತ್ತೇವೆ ಎಂದು ಒಮ್ಮೆ ಯೋಚಿಸಿದರೆ, ಇದು ಬರೀ ಅಮೆರಿಕದ ಸಮಸ್ಯೆ ಎನ್ನಲು ಬಾಯಿ ಬರುವುದಿಲ್ಲ.

ಆದರೆ ಮೈದಾನದಲ್ಲಿ ನಾವು ತಡಮಾಡಿದೆವು. 2020ರ ಐಪಿಎಲ್‌ನಲ್ಲಿ ಅರ್ಧಶತಕದ ನಂತರ ಹಾರ್ದಿಕ್ ಪಾಂಡ್ಯ ಒಬ್ಬರೇ ಮಂಡಿಯೂರಿದ್ದು ಸುದ್ದಿಯಾಯಿತು. ಭಾರತ ತಂಡ ಒಟ್ಟಾಗಿ ಮಂಡಿಯೂರಿದ್ದು 2021ರ ಅಕ್ಟೋಬರ್ 24ರಂದು, ದುಬೈನಲ್ಲಿ ಪಾಕಿಸ್ತಾನದ ವಿರುದ್ಧದ ಟಿ20 ವಿಶ್ವಕಪ್ ಪಂದ್ಯಕ್ಕೆ ಮುನ್ನ.

ಈಗ ಆ ಮೂರು ಮಾತುಗಳನ್ನು ಪರಿಶೀಲಿಸೋಣ

ಮಾತು 1: ಪ್ರತಿಭಟನೆಯಿಂದಾಗಿ ಜನ ಆಟ ನೋಡುವುದನ್ನು ಬಿಟ್ಟರು. ಇದು ಅರ್ಧಸತ್ಯ. 2020ರ ಎನ್‌ಬಿಎ ಫೈನಲ್ಸ್ ನೋಡಿದವರು ಸರಾಸರಿ 75 ಲಕ್ಷ. ಹಿಂದಿನ ವರ್ಷ ಅದು 1.5 ಕೋಟಿ ಇತ್ತು. ಇಳಿದದ್ದು ನಿಜ. ಆದರೆ ಪ್ರತಿಭಟನೆ ಬಹಳ ಕಡಿಮೆ ಕಂಡ ಐಸ್ ಹಾಕಿಯ ಫೈನಲ್‌ಗೆ ಅದಕ್ಕಿಂತ ದೊಡ್ಡ ಪ್ರಮಾಣದಲ್ಲಿ ವೀಕ್ಷಕರು ಕಡಿಮೆಯಾದರು. ಕೆಂಟಕಿ ಡರ್ಬಿ ಕುದುರೆ ಓಟ ನೋಡಿದವರು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದರು. ಕುದುರೆಗಳು ಮಂಡಿಯೂರಿರಲಿಲ್ಲ. ಹಲವು ಆಟಗಳು ತಮ್ಮ ಮಾಮೂಲಿ ತಿಂಗಳು ಬಿಟ್ಟು ಒಂದೇ ಹೊತ್ತಿಗೆ ಬಂದು ಬಿದ್ದವು. ಜೊತೆಗೆ ಅಧ್ಯಕ್ಷೀಯ ಚುನಾವಣೆಯ ಬಿಸಿ ಇತ್ತು. ಇತ್ತ ಐಪಿಎಲ್ ನೋಡಿದವರು ಹಿಂದಿನ ವರ್ಷಕ್ಕಿಂತ ಹೆಚ್ಚು ಎಂದು ಆಯೋಜಕರು ಹೇಳಿದರು. ಪ್ರತಿಭಟನೆ ಇಷ್ಟವಾಗದೆ ಟಿವಿ ಆರಿಸಿದವರೂ ಇದ್ದಿರಬಹುದು. ಆದರೆ ಅದೊಂದೇ ಕಾರಣವಾಗಿದ್ದರೆ ಹಾಕಿ, ಕುದುರೆ ಓಟಗಳು ಬೀಳಬಾರದಿತ್ತು. 2022ರ ಎನ್‌ಬಿಎ ಫೈನಲ್ಸ್ ಹೊತ್ತಿಗೆ ಸರಾಸರಿ ಮತ್ತೆ 1.2 ಕೋಟಿ ದಾಟಿತ್ತು.

ಮಾತು 2: ಮಂಡಿಯೂರುವುದು ಧ್ವಜಕ್ಕೆ ಅವಮಾನ. ಆರಂಭದ ಕಥೆ ಇದಕ್ಕೆ ಹೊಂದುವುದಿಲ್ಲ. ಕೆಪರ್ನಿಕ್ ಮೊದಲು ಕೂತೇ ಇದ್ದಾಗ ನೇಟ್ ಬೋಯರ್ ಎಂಬ ಮಾಜಿ ಸೈನಿಕ ಅದನ್ನು ಆಕ್ಷೇಪಿಸಿದರು. ಇಬ್ಬರೂ ಭೇಟಿಯಾಗಿ ಮಾತಾಡಿದರು. ಕೂರುವುದಕ್ಕಿಂತ ಮಂಡಿಯೂರುವುದು ಗೌರವಯುತ, ಸೈನಿಕರು ಸತ್ತ ಸಂಗಾತಿಯ ಸಮಾಧಿಯ ಮುಂದೆ ಮಂಡಿಯೂರುತ್ತಾರೆ ಎಂದು ಸಲಹೆ ಕೊಟ್ಟವರು ಆ ಸೈನಿಕರೇ. ಆ ಕ್ರಮ ಯಾರಿಗಾದರೂ ಇಷ್ಟವಾಗದಿರಬಹುದು, ಅದು ಅವರ ಅಭಿಪ್ರಾಯ. ಆದರೆ ಅವಮಾನ ಮಾಡಲೆಂದೇ ಶುರುವಾಯಿತು ಎನ್ನುವುದು ತಪ್ಪು.

ಮಾತು 3: ಲಸಿಕೆಯಿಂದ ಆಟಗಾರರು ಕುಸಿಯುತ್ತಿದ್ದಾರೆ. ಈ ಸಂದೇಶದ ಜೊತೆ ಹೆಚ್ಚಾಗಿ ಬರುವುದು ಡೆನ್ಮಾರ್ಕ್‌ನ ಕ್ರಿಶ್ಚಿಯನ್ ಎರಿಕ್ಸನ್ 2021ರ ಜೂನ್ 12ರಂದು ಮೈದಾನದಲ್ಲಿ ಬಿದ್ದ ದೃಶ್ಯ. ಅವರು ಆಗ ಲಸಿಕೆಯನ್ನೇ ಹಾಕಿಸಿಕೊಂಡಿರಲಿಲ್ಲ ಎಂದು ಅವರ ಕ್ಲಬ್‌ನ ನಿರ್ದೇಶಕರು ಸ್ಪಷ್ಟಪಡಿಸಿದ್ದರು. ಎರಿಕ್ಸನ್ ಚೇತರಿಸಿಕೊಂಡು ಮುಂದಿನ ವರ್ಷ ಮತ್ತೆ ಆಡಿದರು. ಆಟಗಾರರ ಹೃದಯ ಹಠಾತ್ತನೆ ನಿಲ್ಲುವುದು ಹೊಸದಲ್ಲ. 2003ರಲ್ಲಿ ಕ್ಯಾಮರೂನ್‌ನ ಮಾರ್ಕ್-ವಿವಿಯನ್ ಫೊಯೆ ಪಂದ್ಯದ ನಡುವೆಯೇ ಸತ್ತರು. 2012ರಲ್ಲಿ ಇಂಗ್ಲೆಂಡಿನಲ್ಲಿ ಫ್ಯಾಬ್ರಿಸ್ ಮುವಾಂಬಾ ಬಿದ್ದು ಬದುಕುಳಿದರು. ಆಗ ಕೊರೋನಾವೂ ಇರಲಿಲ್ಲ, ಅದರ ಲಸಿಕೆಯೂ ಇರಲಿಲ್ಲ.

ಲಸಿಕೆಗೆ ಅಡ್ಡಪರಿಣಾಮವೇ ಇಲ್ಲ ಎಂದು ನಾವು ಹೇಳುವುದಿಲ್ಲ. ಎಂಆರ್‌ಎನ್‌ಎ ಮಾದರಿಯ ಲಸಿಕೆಗಳಿಂದ ವಿರಳವಾಗಿ, ಅದರಲ್ಲೂ ಹರೆಯದ ಗಂಡಸರಲ್ಲಿ, ಹೃದಯದ ಸ್ನಾಯುವಿನ ಉರಿಯೂತ ಕಂಡಿದೆ. ಹೆಚ್ಚಿನವರು ಗುಣವಾಗಿದ್ದಾರೆ. ಭಾರತದಲ್ಲಿ ಹೆಚ್ಚಾಗಿ ಬಳಸಿದ ಕೋವಿಶೀಲ್ಡ್ ಮತ್ತು ಕೋವ್ಯಾಕ್ಸಿನ್ ಆ ಮಾದರಿಯವಲ್ಲ. ಕೊರೋನಾ ಸೋಂಕಿನಿಂದಲೂ ಇದೇ ಉರಿಯೂತ ಬರುತ್ತದೆ. ಬೇಸ್‌ಬಾಲ್ ಆಟಗಾರ ಎಡ್ವಾರ್ಡೊ ರೋಡ್ರಿಗಸ್ ಲಸಿಕೆ ಬರುವ ಮೊದಲೇ, 2020ರಲ್ಲಿ, ಸೋಂಕಿನ ನಂತರದ ಹೃದಯದ ಉರಿಯೂತದಿಂದ ಇಡೀ ಋತು ಕಳೆದುಕೊಂಡರು. ಸೋಂಕು ತಗುಲಿದ್ದ 789 ವೃತ್ತಿಪರ ಆಟಗಾರರನ್ನು ಅಮೆರಿಕದಲ್ಲಿ ಪರೀಕ್ಷಿಸಿದಾಗ ಐವರಲ್ಲಿ ಹೃದಯದ ಉರಿಯೂತ ಪತ್ತೆಯಾಗಿತ್ತು. ಪ್ರಮಾಣ ಚಿಕ್ಕದು. ಆದರೆ ಮೊದಲೇ ತಪಾಸಣೆ ಮಾಡಿ ವಿಶ್ರಾಂತಿ ಕೊಟ್ಟದ್ದರಿಂದ ಅನಾಹುತ ತಪ್ಪಿತು. ಜ್ವರ ಬಿಟ್ಟ ಮರುದಿನವೇ ಜಿಮ್‌ಗೆ ಓಡುವವರು ಇದನ್ನು ಗಮನಿಸಬೇಕು.

ಆಟದಲ್ಲಿ ರಾಜಕೀಯ ಬೇಡ ಎನ್ನಬಹುದೇ?

ಈ ಮೂರು ಮಾತುಗಳ ಹಿಂದೆ ಇನ್ನೊಂದು ಮಾತು ಇರುತ್ತದೆ. ಹಿಂದೆ ಆಟ ಶುದ್ಧವಾಗಿತ್ತು, ಈಗ ರಾಜಕೀಯ ನುಗ್ಗಿತು ಎಂಬುದು. ಇತಿಹಾಸ ಹಾಗೆ ಹೇಳುವುದಿಲ್ಲ. 1974ರಲ್ಲಿ ಭಾರತ ಡೇವಿಸ್ ಕಪ್ ಟೆನಿಸ್ ಫೈನಲ್ ತಲುಪಿತ್ತು. ಎದುರಾಳಿ ದಕ್ಷಿಣ ಆಫ್ರಿಕಾ. ಅಲ್ಲಿನ ವರ್ಣಭೇದ ನೀತಿಯನ್ನು ಖಂಡಿಸಿ ಭಾರತ ಆಡಲು ಹೋಗಲಿಲ್ಲ, ಕಪ್ಪನ್ನು ಬಿಟ್ಟುಕೊಟ್ಟಿತು.

ಇನ್ನೂ ಹಿಂದಕ್ಕೆ ಹೋದರೆ ಧಾರವಾಡದಲ್ಲಿ ಹುಟ್ಟಿದ ಸ್ಪಿನ್ ಬೌಲರ್ ಪಾಲ್ವಂಕರ್ ಬಾಳೂ ಸಿಗುತ್ತಾರೆ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 100ಕ್ಕೂ ಹೆಚ್ಚು ವಿಕೆಟ್ ತೆಗೆದವರು ಅವರು. ದಲಿತರಾದ ಕಾರಣಕ್ಕೆ ಪುಣೆಯಲ್ಲಿ ಸಹ ಆಟಗಾರರು ಒಳಗೆ ಚಹಾ ಕುಡಿಯುವಾಗ ಅವರಿಗೆ ಹೊರಗೆ, ಬೇರೆ ಮಣ್ಣಿನ ಲೋಟದಲ್ಲಿ ಕೊಡುತ್ತಿದ್ದರು. ಬಾಂಬೆಯ ಚತುಷ್ಕೋನ ಟೂರ್ನಿಯ ಹಿಂದೂ ತಂಡ ಅವರಿಗೆ ನಾಯಕತ್ವ ಕೊಡಲಿಲ್ಲ. 1920ರಲ್ಲಿ ನಾಯಕತ್ವದ ಈ ಅನ್ಯಾಯವನ್ನು ಪ್ರತಿಭಟಿಸಿ ಅವರ ತಮ್ಮಂದಿರಾದ ವಿಠ್ಠಲ ಮತ್ತು ಶಿವರಾಮ ತಂಡದಿಂದ ಹೊರಗುಳಿದರು. 1923ರಲ್ಲಿ ವಿಠ್ಠಲ ಆ ತಂಡದ ನಾಯಕರಾದರು. ಮಿಲ್ವಾಕಿಯ ಆಟಗಾರರು ಕೋಣೆಯಿಂದ ಹೊರಬರದೆ ಕೂತದ್ದು ಆ 1920ರ ಪ್ರತಿಭಟನೆಯಾದ ನೂರು ವರ್ಷಕ್ಕೆ.

ಏನು ಉಳಿಯಿತು?

ಕೆಲವು ಬದಲಾವಣೆ ಉಳಿದಿವೆ. ಅಮೆರಿಕದ ಮೂಲನಿವಾಸಿಗಳನ್ನು ಹೀಯಾಳಿಸುವ ‘ರೆಡ್‌ಸ್ಕಿನ್ಸ್’ ಎಂಬ ಹೆಸರನ್ನು ವಾಷಿಂಗ್ಟನ್ ತಂಡ 2020ರ ಜುಲೈನಲ್ಲಿ ಕೈಬಿಟ್ಟಿತು. ಅದರಲ್ಲಿ ಮನಸ್ಸಾಕ್ಷಿಯಷ್ಟೇ ಪ್ರಾಯೋಜಕರ ಒತ್ತಡವೂ ಕೆಲಸ ಮಾಡಿತು. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಪಂದ್ಯ ಶುರುವಾಗುವ ಮುನ್ನ ಮಂಡಿಯೂರಲು ಅವಕಾಶ ಸಿಕ್ಕಿತು, ಪದಕ ವೇದಿಕೆಯ ಮೇಲೆ ಮಾತ್ರ ಇಲ್ಲ. ಚೆಂಡಿಗೆ ಎಂಜಲು ಹಚ್ಚಬಾರದೆಂಬ ನಿಯಮವನ್ನು ಐಸಿಸಿ 2022ರಲ್ಲಿ ಕಾಯಂ ಮಾಡಿತು.

ಕೆಲವು ಮಾಸಿದವು. ಪ್ರೀಮಿಯರ್ ಲೀಗ್ ತಂಡಗಳು 2022ರಿಂದ ಪ್ರತಿ ಪಂದ್ಯಕ್ಕೆ ಮಂಡಿಯೂರುವುದನ್ನು ಬಿಟ್ಟು ಆಯ್ದ ಪಂದ್ಯಗಳಿಗೆ ಸೀಮಿತಗೊಳಿಸಿದವು. 2021ರ ಯುರೋ ಫೈನಲ್‌ನಲ್ಲಿ ಪೆನಾಲ್ಟಿ ತಪ್ಪಿಸಿದ ಇಂಗ್ಲೆಂಡಿನ ಮೂವರು ಕಪ್ಪು ಆಟಗಾರರ ಮೇಲೆ ಅದೇ ರಾತ್ರಿ ಸಾಮಾಜಿಕ ಜಾಲತಾಣಗಳಲ್ಲಿ ಜನಾಂಗೀಯ ನಿಂದನೆಯ ಮಳೆ ಸುರಿಯಿತು. ವರ್ಷವಿಡೀ ಅವರು ಮಂಡಿಯೂರಿದ್ದು ಯಾವುದರ ವಿರುದ್ಧವೋ, ಅದು ಫೋನಿನ ಮೂಲಕ ವಾಪಸ್ ಬಂತು.

ಒಟ್ಟಾರೆ ಹೇಳುವುದಾದರೆ, ಜನರಿಲ್ಲದೆ ಆಟ ನಡೆಯಬಹುದು, ಆಟಗಾರರಿಲ್ಲದೆ ನಡೆಯುವುದಿಲ್ಲ ಎಂಬುದನ್ನು ಕೊರೋನಾ ತೋರಿಸಿಕೊಟ್ಟಿತು. ಅದನ್ನು ಆಟಗಾರರು ಅರ್ಥ ಮಾಡಿಕೊಂಡ ದಿನವೇ ಅವರ ಮಾತಿಗೆ ತೂಕ ಬಂತು.

ಮುಂದಿನ ಸಲ ಮೈದಾನದಲ್ಲಿ ಯಾರೋ ಕುಸಿದು ಬಿದ್ದ ಅಥವಾ ಮಂಡಿಯೂರಿದ ವಿಡಿಯೋ ನಿಮ್ಮ ಗುಂಪಿಗೆ ಬಂದರೆ ಫಾರ್ವರ್ಡ್ ಒತ್ತುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದು ಯಾವ ದಿನದ್ದು? ಹೇಳುತ್ತಿರುವ ಕಾರಣವನ್ನು ವೈದ್ಯರು ಅಥವಾ ಆ ತಂಡ ದೃಢಪಡಿಸಿದೆಯೇ? ಅದೇ ಕಾರಣ ಇಲ್ಲದ ಕಡೆಯೂ ಇದೇ ಥರ ಆಗಿದೆಯೇ? ಮೂರರಲ್ಲಿ ಒಂದಕ್ಕೂ ಉತ್ತರ ಸಿಗದಿದ್ದರೆ ಆ ಸಂದೇಶ ನಿಮ್ಮ ಫೋನಿನಲ್ಲೇ ನಿಲ್ಲಲಿ.